ಯಾರ ಸರದಿಯ ಬಿಯರ್?

ಪೀಟರ್ ಸಿಂಗರ್ ಅಂದ್ರೆ ಪ್ರಾಣಿಗಳ ಪರ ವಾದಿಸಿದ ತತ್ತ್ವಶಾಸ್ತ್ರಜ್ಞ ಅಂತಲೇ ಹೆಚ್ಚು ಜನರಿಗೆ ಗೊತ್ತು. ಅದಕ್ಕೂ ಮೊದಲು, 1973ರಲ್ಲಿ, ಮೆಲ್ಬರ್ನಿನ ಈತ ಬರೆದದ್ದು 'ಡೆಮಾಕ್ರಸಿ ಅಂಡ್ ಡಿಸ್‌ಒಬೀಡಿಯೆನ್ಸ್'. ಆಗ ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನಿಲ್ಲಿ ಬಗ್ ಹುಡುಕ್ತಾ ಕೂತಿದೀನಿ :)

ಗೆಳೆಯರು ಸರದಿ ಪ್ರಕಾರ ಬಿಯರ್ ಕೊಡಿಸುವಾಗ ಸುಮ್ಮನೆ ಕುಡಿದವನು, ತನ್ನ ಸರದಿ ಬಂದಾಗ 'ನಾನೆಲ್ಲಿ ಒಪ್ಪಿದ್ದೆ?' ಅನ್ನೋ ಹಾಗಿಲ್ಲ. ಮತದಾನವೂ ಹಾಗೇ ಅಂತಾನೆ ಸಿಂಗರ್. ಸೋತವರೂ ಕಾನೂನಿಗೆ ಬದ್ಧರು. ಮುರಿದರೂ ಅದು ಬಹುಮತವನ್ನ ಮಣಿಸೋಕಲ್ಲ, 'ಇನ್ನೊಮ್ಮೆ ಯೋಚಿಸಿ' ಅಂತ ಕೇಳೋಕೆ.

ಸರಿ. ಆದ್ರೆ ಅದೇ ಆಸ್ಟ್ರೇಲಿಯಾದಲ್ಲಿ 1965ರಿಂದ 1972ರವರೆಗೆ ಹುಟ್ಟಿದ ದಿನಾಂಕದ ಲಾಟರಿ ಎತ್ತಿ 20ರ ಹುಡುಗರನ್ನ ಸೇನೆಗೆ ಕರೆದರು, ಎಷ್ಟೋ ಜನರನ್ನ ವಿಯೆಟ್ನಾಂಗೆ ಕಳಿಸಿದರು. ಮತದಾನದ ವಯಸ್ಸು ಮಾತ್ರ 21! ಅದು 18ಕ್ಕೆ ಇಳಿದದ್ದು 1973ರಲ್ಲಿ, ಈ ಪುಸ್ತಕ ಬಂದ ವರ್ಷವೇ.

ಆ ಹುಡುಗರು ಯಾರ ಬಿಯರ್ ಕುಡಿದಿದ್ರು?