ಅಂಗೈಯಗಲದ ನೋಟ

ಬಿನೋದ್ ಬಿಹಾರಿ ಮುಖರ್ಜಿಯವರ (1904–1980) ಬದುಕನ್ನು ಹೇಳುವವರು ಸಾಮಾನ್ಯವಾಗಿ ಅದನ್ನು ಎರಡು ಭಾಗ ಮಾಡುತ್ತಾರೆ: ಕಣ್ಣಿದ್ದ ಕಾಲ, ಕಣ್ಣು ಹೋದ ಕಾಲ. ಮೊದಲ ಭಾಗದಲ್ಲಿ ಶಾಂತಿನಿಕೇತನದ ಭಿತ್ತಿಚಿತ್ರಗಳು. ಎರಡನೆಯದರಲ್ಲಿ ಕತ್ತಲನ್ನು ಗೆದ್ದ ಛಲದ ಕತೆ. ಕೇಳಲು ಚೆನ್ನಾಗಿರುವ ಈ ಕತೆಯಲ್ಲಿ ಒಂದು ತೊಡಕಿದೆ. ಕಲಾವಿದನ ಕೆಲಸವನ್ನು ಅದು ಮರುಕದ ತಕ್ಕಡಿಯಲ್ಲಿ ತೂಗುತ್ತದೆ. ನೋಡುವುದೆಂದರೇನು ಎಂದು ಅವರು ಜೀವನಪೂರ್ತಿ ನಡೆಸಿದ ಹುಡುಕಾಟ ಆ ಮರುಕದಲ್ಲಿ ಮರೆಯಾಗುತ್ತದೆ.

ಅವರ ಕಣ್ಣು ಎಂದೂ ಪೂರ್ತಿ ಇರಲಿಲ್ಲ. ಕಲ್ಕತ್ತೆಯ ಬೆಹಾಲಾದಲ್ಲಿ ಹುಟ್ಟಿದ ಈ ಹುಡುಗನಿಗೆ ಎಳವೆಯಿಂದಲೇ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಂದರ ದೃಷ್ಟಿ ತೀರ ಮಂದ. ಶಾಲೆಯ ಓದು ಸರಿಯಾಗಿ ಸಾಗಲಿಲ್ಲ. 1917ರಲ್ಲಿ ಶಾಂತಿನಿಕೇತನಕ್ಕೆ ಬಂದು, 1919ರಲ್ಲಿ ಕಲಾಭವನ ಆರಂಭವಾದಾಗ ಅಲ್ಲಿ ಸೇರಿದರು. ಇಷ್ಟು ಮಂದ ಕಣ್ಣಿನವನು ಚಿತ್ರ ಬರೆಯುವುದು ಹೇಗೆ ಎಂಬ ಅನುಮಾನ ಗುರು ನಂದಲಾಲ್ ಬೋಸರಿಗೇ ಇತ್ತು. ಹುಡುಗನಿಗೆ ಆಸಕ್ತಿ ಇದೆಯೆಂದಾದರೆ ಅವನ ಪಾಡಿಗೆ ಅವನನ್ನು ಬಿಡಿ ಎಂಬುದು ರವೀಂದ್ರನಾಥರ ಸಲಹೆಯಾಗಿತ್ತು. ನಂದಲಾಲರು ಹಾಗೆಯೇ ಬಿಟ್ಟರು. 1925ರ ಹೊತ್ತಿಗೆ ಆ ಹುಡುಗ ಅದೇ ಕಲಾಭವನದಲ್ಲಿ ಅಧ್ಯಾಪಕನಾಗಿದ್ದ.

ತೀವ್ರ ಸಮೀಪದೃಷ್ಟಿಯವರಿಗೆ ದೂರದ್ದೆಲ್ಲ ಮಸುಕು, ಮೂಗಿನ ಹತ್ತಿರ ತಂದದ್ದು ಮಾತ್ರ ಸ್ಪಷ್ಟ. ಅವರಿಗೆ ಲೋಕ ಇಡಿಯಾಗಿ ಒದಗುವುದಿಲ್ಲ, ತುಣುಕು ತುಣುಕಾಗಿ ಸಿಗುತ್ತದೆ; ಸೇರಿಸಿಕೊಳ್ಳುವ ಕೆಲಸ ಮನಸ್ಸಿನದು. ಬಿನೋದ್ ಬಿಹಾರಿ ಸುರುಳಿಚಿತ್ರಗಳಿಗೆ ಒಲಿದದ್ದನ್ನು ಇದರೊಂದಿಗೆ ಇಟ್ಟು ನೋಡಬೇಕು. ಚೀನಾ, ಜಪಾನುಗಳಲ್ಲಿ ಬೆಳೆದ ಈ ಪ್ರಕಾರದಲ್ಲಿ ಚಿತ್ರವನ್ನು ಒಂದು ಕಡೆ ಬಿಚ್ಚುತ್ತ ಇನ್ನೊಂದು ಕಡೆ ಸುತ್ತುತ್ತ ಹೋಗುತ್ತಾರೆ. ಒಂದು ಸಲಕ್ಕೆ ಕಾಣುವುದು ತೋಳಳತೆಯಷ್ಟೇ. ಕಳೆದುಹೋದದ್ದನ್ನು ನೆನಪಿಟ್ಟು, ಬರಲಿರುವುದನ್ನು ಕಾಯುತ್ತ ನೋಡಬೇಕು. ಶಾಂತಿನಿಕೇತನದ ಸುತ್ತಣ ಕೆಮ್ಮಣ್ಣಿನ ಕೊರಕಲು ನೆಲವನ್ನು, ಅಲ್ಲಿನವರು ಖೋವಾಯಿ ಎನ್ನುವ ಆ ಬಯಲನ್ನು, ಅವರು ಹೀಗೆ ಉದ್ದುದ್ದ ಸುರುಳಿಗಳಲ್ಲಿ ಬರೆದರು. 1937–38ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಹಳೆಯ ಚಿತ್ರಗಳನ್ನು ಹತ್ತಿರದಿಂದ ನೋಡಿಬಂದರು. ತನ್ನನ್ನು ಅರಿಯಬೇಕಾದವರು ಖೋವಾಯಿಯ ಒಂಟಿ ತಾಳೆಮರವನ್ನು ನೋಡಲಿ ಎಂಬರ್ಥದ ಮಾತನ್ನು ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡರು.

ಈ ಬಗೆಯ ನೋಟಕ್ಕೆ ನಿಜವಾದ ಪರೀಕ್ಷೆ ಬಂದದ್ದು 1946–47ರಲ್ಲಿ. ಹಿಂದಿ ಭವನದ ಮೂರು ಗೋಡೆಗಳ ಮೇಲ್ಭಾಗದಲ್ಲಿ ಮಧ್ಯಯುಗದ ಸಂತರ ಬದುಕನ್ನು ಅವರು ಚಿತ್ರಿಸಿದರು. ಅಲ್ಲಿ ಕಬೀರರಿದ್ದಾರೆ, ಸೂರದಾಸರಿದ್ದಾರೆ, ತುಳಸೀದಾಸರಿದ್ದಾರೆ. ನಮ್ಮ ಮೇಲುಕೋಟೆಯ ನೆನಪಿನೊಂದಿಗೆ ಬೆರೆತಿರುವ ರಾಮಾನುಜರೂ ಇದ್ದಾರೆ. ಸಂತರ ಸುತ್ತ ದುಡಿಯುವ, ನಡೆಯುವ, ಗುಂಪುಗೂಡುವ ಸಾಮಾನ್ಯರು. ವಿಧಾನ ಹಸಿ ಗಾರೆಯ ಮೇಲಿನ ಚಿತ್ರಣ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತಿ, ಅದು ಆರುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಒಣಗಿದಂತೆ ಬಣ್ಣ ಸುಣ್ಣದೊಳಗೇ ಕೂಡಿಹೋಗುತ್ತದೆ. ತಪ್ಪಿದರೆ ಆ ಭಾಗವನ್ನೇ ಕೆತ್ತಿ ತೆಗೆಯಬೇಕು. ಇಂಥ ಕೆಲಸಕ್ಕೆ ಮೊದಲು ಕಾಗದದ ಮೇಲೆ ಪೂರ್ಣ ಅಳತೆಯ ರೇಖಾಚಿತ್ರ ಬರೆದು ಗೋಡೆಗೆ ಇಳಿಸಿಕೊಳ್ಳುವುದು ವಾಡಿಕೆ. ಅವರು ಹಾಗೆ ಮಾಡದೆ ನೇರವಾಗಿ ಗೋಡೆಯ ಮೇಲೇ ಬರೆದರು. ಹಿಂದೆ ಸರಿದು ನಿಂತು ಇಡೀ ಗೋಡೆಯನ್ನು ಒಮ್ಮೆಗೇ ಸ್ಪಷ್ಟವಾಗಿ ನೋಡುವ ಅನುಕೂಲ ಅವರ ಕಣ್ಣಿಗೆ ಇರಲಿಲ್ಲ. ಆ ಗೋಡೆ ಪೂರ್ತಿಯಾಗಿ ಇದ್ದದ್ದು ಅವರ ಮನಸ್ಸಿನಲ್ಲಿ. ಕೈ ಅದನ್ನು ದಿನಕ್ಕಿಷ್ಟರಂತೆ ಇಳಿಸುತ್ತಿತ್ತು.

1949ರಲ್ಲಿ ಅವರು ಶಾಂತಿನಿಕೇತನ ಬಿಟ್ಟು ಕಠ್ಮಂಡುವಿನ ಸರ್ಕಾರಿ ವಸ್ತುಸಂಗ್ರಹಾಲಯದ ಹೊಣೆ ಹೊತ್ತರು. ಮುಂದೆ ರಾಜಸ್ಥಾನದ ಬನಸ್ಥಲಿಯಲ್ಲಿ, ಮಸ್ಸೂರಿಯಲ್ಲಿ ಕಲೆ ಕಲಿಸಿದರು. ಐವತ್ತು ದಾಟಿದ ಮೇಲೆ, ಪೊರೆ ತೆಗೆಸಿಕೊಳ್ಳಲು ಮಾಡಿಸಿದ ಶಸ್ತ್ರಚಿಕಿತ್ಸೆ ಫಲಿಸದೆ ಇದ್ದಷ್ಟು ಬೆಳಕೂ ಹೋಯಿತು.

ಈ ನಷ್ಟ ಸಣ್ಣದೇನಲ್ಲ. ಬಣ್ಣಕ್ಕೆ, ಓದಿಗೆ, ಬರಹಕ್ಕೆ ಇತರರ ಕಣ್ಣು ಬೇಕಾಯಿತು. ಆದರೂ ಕುರುಡುತನವನ್ನು ಅವರು ಬರೀ ಕೊರತೆ ಎಂದು ಕಾಣಲಿಲ್ಲ, ಮೊದಲು ಗೊತ್ತಿರದ ಒಂದು ಸ್ಥಿತಿ ಎಂದು ಪರಿಶೀಲಿಸಿದರು. ಕಣ್ಣಿದ್ದವರಿಗೆ ಕೋಣೆಯೊಂದು ಬಾಗಿಲಲ್ಲಿ ನಿಂತಾಗಲೇ ತೆರೆದುಕೊಳ್ಳುತ್ತದೆ. ಕುರುಡನಿಗೆ ಅದು ಕೈಗೆ ಸಿಕ್ಕ ಕುರ್ಚಿಯಿಂದ, ಕಾಲಿಗೆ ತಗುಲಿದ ಹೊಸ್ತಿಲಿನಿಂದ ಸ್ವಲ್ಪ ಸ್ವಲ್ಪವಾಗಿ ಕಟ್ಟಿಕೊಳ್ಳುತ್ತದೆ. ಸುರುಳಿ ಬಿಚ್ಚಿದವರಿಗೆ, ಹಸಿ ಗಾರೆಯ ಮೇಲೆ ತುಂಡು ತುಂಡಾಗಿ ಲೋಕ ಕಟ್ಟಿದವರಿಗೆ ಈ ದಾರಿ ತೀರ ಅಪರಿಚಿತವಾಗಿರಲಿಲ್ಲ.

ಶಾಂತಿನಿಕೇತನಕ್ಕೆ ಮರಳಿದ ಅವರು ಕಲೆಯ ಇತಿಹಾಸ ಪಾಠ ಮಾಡಿದರು. ಮೇಣದಲ್ಲಿ ಪುಟ್ಟ ಗೊಂಬೆಗಳನ್ನು ಮಾಡಿದರು, ಕಾಗದ ಮಡಿಸಿ ಕತ್ತರಿಸಿ ಅಂಟಿಸಿದರು, ಬೆರಳ ಅಂದಾಜಿನಲ್ಲಿ ರೇಖೆ ಎಳೆದರು. 1972ರಲ್ಲಿ ಕಲಾಭವನದ ಗೋಡೆಯ ಮೇಲೆ ಟೈಲ್‌ಗಳ ದೊಡ್ಡ ಭಿತ್ತಿಚಿತ್ರವನ್ನೇ ಮಾಡಿದರು. ಆಕಾರಗಳನ್ನು ಮೊದಲು ಕಾಗದದಲ್ಲಿ ಕೈ ಮುಟ್ಟಿ ಗೊತ್ತುಮಾಡಿಕೊಂಡು, ಸಹಾಯಕರ ನೆರವಿನಿಂದ ಗೋಡೆಗೆ ಏರಿಸಿದರು. ಹಿಂದೆ ಅವರ ವಿದ್ಯಾರ್ಥಿಯಾಗಿದ್ದ ಸತ್ಯಜಿತ್ ರಾಯ್ ಅದೇ ವರ್ಷ ಅವರ ಬಗ್ಗೆ ಕಿರು ಸಾಕ್ಷ್ಯಚಿತ್ರ ತೆಗೆದು ‘ದಿ ಇನ್ನರ್ ಐ’ ಎಂದು ಹೆಸರಿಟ್ಟರು.

ಒಳಗಣ್ಣು ಎಂಬ ಆ ಮಾತನ್ನು ಪವಾಡದಂತೆ ಕೇಳಿಸಿಕೊಳ್ಳುವುದು ಸುಲಭ. ಬಿನೋದ್ ಬಿಹಾರಿಯವರ ಮಟ್ಟಿಗೆ ಅದು ಕಸುಬಿನ ಮಾತು: ಕಂಡಷ್ಟನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಮುಂದಿನ ತುಣುಕಿಗೆ ಹೊಂದಿಸುವುದು, ಇಡಿಯನ್ನು ಕಳೆದುಕೊಳ್ಳದಿರುವುದು. ಹಿಂದಿ ಭವನದ ಆ ಕೋಣೆಯಲ್ಲಿ ಇವತ್ತು ನಿಲ್ಲುವವರ ಕಣ್ಣು ಎಷ್ಟೇ ಚುರುಕಾಗಿದ್ದರೂ ಮೂರು ಗೋಡೆಗಳು ಒಂದೇ ನೋಟಕ್ಕೆ ಸಿಗವು. ತಿರುಗಬೇಕು, ನಾಲ್ಕು ಹೆಜ್ಜೆ ನಡೆಯಬೇಕು, ಬೆನ್ನ ಹಿಂದಿನ ಸಂತನನ್ನು ನೆನಪಿನಲ್ಲಿಟ್ಟುಕೊಂಡೇ ಎದುರಿನ ಸಂತನನ್ನು ನೋಡಬೇಕು.