ಎರಡು ಸುರುಳಿಗಳು, ಒಂದು ಲಯ

ಹಾಡನ್ನು ಪದರಪದರವಾಗಿ ಮುದ್ರಿಸುವ ವಿದ್ಯೆ ದೊಡ್ಡ ಸ್ಟುಡಿಯೋಗಳದೇ ಸೊತ್ತೆಂದು ತಿಳಿಯುವುದುಂಟು. ಆದರೆ ಅದಕ್ಕೆ ರೂಪು ಕೊಟ್ಟ ಪ್ರಯೋಗಗಳಲ್ಲಿ ಮುಖ್ಯವಾದವು ಮನೆಯಲ್ಲಿಯೇ ನಡೆದವು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ತಮ್ಮ ಗ್ಯಾರೇಜಿನಲ್ಲಿ ಕುಳಿತು, ತಮ್ಮದೇ ವಾದನದ ಮೇಲೆ ಮತ್ತೆ ಮತ್ತೆ ನುಡಿಸಿ ಸಿದ್ಧಪಡಿಸಿದ ತಟ್ಟೆ 1948ರಲ್ಲಿ ಹೊರಬಂದಿತು. 1957ರಲ್ಲಿ ಅವರು ಆಂಪೆಕ್ಸ್ ಸಂಸ್ಥೆಯ ಎಂಟು ಟ್ರ್ಯಾಕಿನ ಟೇಪ್ ಯಂತ್ರವನ್ನು ಸುಮಾರು 10,000 ಡಾಲರು ತೆತ್ತು ಮನೆಗೆ ತಂದರು. ಅಷ್ಟು ಹಣವಿಲ್ಲದವರ ಪಾಡೇನು? ಎರಡು ಯಂತ್ರಗಳನ್ನು ಜೋಡಿಸುವ ಹಂಬಲದ ಮೂಲ ಈ ಪ್ರಶ್ನೆಯಲ್ಲಿದೆ.

1970ರ ದಶಕದಲ್ಲಿ ಟಿಯಾಕ್ ಮೊದಲಾದ ಸಂಸ್ಥೆಗಳ ನಾಲ್ಕು ಟ್ರ್ಯಾಕಿನ ಯಂತ್ರಗಳು ಮನೆಗಳನ್ನು ಹೊಕ್ಕವು. ಮೂರು ತುಂಬಿದ ಮೇಲೆ ಅವನ್ನು ಬೆರೆಸಿ ನಾಲ್ಕನೆಯದಕ್ಕೆ ಇಳಿಸಬೇಕಾಗುತ್ತಿತ್ತು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ಸುಯ್ಯೆಂಬ ಸದ್ದು ಹೆಚ್ಚುವುದು. ಒಮ್ಮೆ ಬೆರೆತ ದನಿಗಳನ್ನು ಮತ್ತೆ ಬೇರ್ಪಡಿಸುವಂತೆಯೂ ಇಲ್ಲ. ಎರಡನೆಯ ಯಂತ್ರವನ್ನು ಜೊತೆಗೂಡಿಸಿದರೆ ಈ ಸಂಕಟ ತಪ್ಪುವುದು.

ಆದರೆ ಎರಡು ಯಂತ್ರಗಳು ಒಂದೇ ವೇಗದಲ್ಲಿ ಓಡುವುದೆಂಬುದು ಬರಿಯ ಮಾತು. ಟೇಪು ಜಗ್ಗುತ್ತದೆ, ಎಳೆಯುವ ಕದಿರಿನಲ್ಲಿ ಜಾರುತ್ತದೆ. ವೇಗದಲ್ಲಿ ಸಾವಿರಕ್ಕೆ ಒಂದು ಪಾಲು ಅಂತರವಿದ್ದರೂ ಮೂರು ನಿಮಿಷದ ಹಾಡಿನ ಕೊನೆಗೆ 0.18 ಸೆಕೆಂಡು ವ್ಯತ್ಯಾಸವಾಗುವುದು. ಕಚೇರಿಯಲ್ಲಿ ಮೃದಂಗದವರು ಅಷ್ಟು ಹಿಂದೆ ಬಿದ್ದರೆ ಸಭೆ ಸುಮ್ಮನಿರುವುದಿಲ್ಲ.

ಈ ಸಮಸ್ಯೆಯನ್ನು ಎದುರಿಸಿದ ಪ್ರಸಿದ್ಧ ಸಂದರ್ಭ ಲಂಡನ್ನಿನದು. 1967ರ ಫೆಬ್ರವರಿ 10ರಂದು ಬೀಟಲ್ಸ್ ತಂಡದ 'ಎ ಡೇ ಇನ್ ದ ಲೈಫ್' ಗೀತೆಗೆ ನಲವತ್ತು ಮಂದಿಯ ವಾದ್ಯವೃಂದವನ್ನು ಮುದ್ರಿಸಬೇಕಾಗಿತ್ತು. ನಾಲ್ಕು ಟ್ರ್ಯಾಕುಗಳು ಸಾಲದಾದವು. ತಂತ್ರಜ್ಞ ಕೆನ್ ಟೌನ್‌ಸೆಂಡ್ ಮೊದಲ ಯಂತ್ರದ ಒಂದು ಟ್ರ್ಯಾಕಿನಲ್ಲಿ ಸೆಕೆಂಡಿಗೆ 50 ಆವರ್ತಗಳ ನಾದವನ್ನು ಮುದ್ರಿಸಿ, ಅದನ್ನೇ ವರ್ಧಿಸಿ ಎರಡನೆಯ ಯಂತ್ರದ ಮೋಟಾರನ್ನು ನಡೆಸಿದರು. ಇದರ ಸೊಗಸನ್ನು ಗಮನಿಸಬೇಕು. ಬ್ರಿಟನ್ನಿನ ವಿದ್ಯುತ್ತಿನ ಆವರ್ತವೂ ಐವತ್ತೇ. ಆದರೆ ಟೇಪಿನಲ್ಲಿರುವ ನಾದ ಆ ಟೇಪಿನ ತಪ್ಪುಗಳನ್ನೂ ಹೊತ್ತು ಬರುತ್ತದೆ. ಮೊದಲನೆಯದು ಎಡವಿದರೆ ಎರಡನೆಯದೂ ಅದೇ ಗಳಿಗೆಯಲ್ಲಿ ಎಡವುತ್ತದೆ. ನಿಷ್ಠೆಯಿರುವುದು ಗಡಿಯಾರಕ್ಕಲ್ಲ, ಒಡನಾಡಿಗೆ. ಒಂದು ಕೊರತೆ ಮಾತ್ರ ಉಳಿಯಿತು: ನಾದವು ವೇಗವನ್ನು ಹೇಳುತ್ತಿತ್ತೇ ಹೊರತು ಸ್ಥಾನವನ್ನಲ್ಲ. ಎರಡನ್ನೂ ಸರಿಯಾದ ಕ್ಷಣದಲ್ಲಿ ಕೈಯಿಂದಲೇ ಹೊರಡಿಸಬೇಕು. ತಪ್ಪಿದರೆ ಮತ್ತೆ ಸುತ್ತಬೇಕು.

ಸ್ಥಾನವನ್ನು ಹೇಳುವ ಉಪಾಯ 1960ರ ದಶಕದ ಕೊನೆಯಲ್ಲಿ ಟೆಲಿವಿಷನ್ ಸಂಕಲನಕ್ಕಾಗಿ ರೂಪುಗೊಂಡಿತು. ಎಸ್.ಎಂ.ಪಿ.ಟಿ.ಇ. ಕಾಲಸಂಕೇತವೆಂದು ಹೆಸರಾದ ಈ ಪದ್ಧತಿಯಲ್ಲಿ ಪ್ರತಿಯೊಂದು ಚೌಕಟ್ಟಿಗೂ ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟಿನ ಸಂಖ್ಯೆಗಳನ್ನೊಳಗೊಂಡ ವಿಳಾಸವುಂಟು. ಎರಡೂ ಟೇಪುಗಳ ವಿಳಾಸವನ್ನು ಓದಿ, ಹಿಂಬಾಲಿಸುವ ಯಂತ್ರದ ಮೋಟಾರನ್ನು ತುಸು ಬಿಗಿಯುತ್ತ, ತುಸು ಸಡಿಲಿಸುತ್ತ ಸರಿದೂಗಿಸುವ ಪೆಟ್ಟಿಗೆಗಳು 1980ರ ದಶಕದಲ್ಲಿ ಮನೆಗಳಿಗೂ ಬಂದವು.

ಇದಕ್ಕೆ ತೆತ್ತ ಬೆಲೆ ಹಣದ್ದಷ್ಟೇ ಅಲ್ಲ. ಸಂಕೇತಕ್ಕೆಂದು ಒಂದೊಂದು ಯಂತ್ರದಲ್ಲಿಯೂ ಒಂದು ಟ್ರ್ಯಾಕನ್ನು ಬಿಟ್ಟುಕೊಡಬೇಕು. ಎಂಟರಲ್ಲಿ ಉಳಿಯುವುದು ಆರು. ಸಂಕೇತದ ಕರ್ಕಶ ಕಿರುಚು ನೆರೆಯ ಟ್ರ್ಯಾಕಿಗೂ ಸೋರುವುದರಿಂದ ಅದನ್ನು ಖಾಲಿ ಬಿಡುವವರೂ ಇದ್ದರು. ಆಗ ಉಳಿಯುವುದು ನಾಲ್ಕೇ. ಎರಡು ಯಂತ್ರಗಳನ್ನು ಕೊಂಡವನಿಗೆ ಒಂದೇ ಯಂತ್ರದ ಫಲ! ಟೇಪನ್ನು ಹಿಂದಕ್ಕೆ ಸುತ್ತಿದಾಗಲೆಲ್ಲ ಹಿಂಬಾಲಕ ಯಂತ್ರ ಜೊತೆಗೂಡುವವರೆಗೆ ಕಾಯಬೇಕಾದ ಬೇಸರ ಬೇರೆ.

1990ರ ದಶಕದ ಮೊದಲಲ್ಲಿ ಬಂದ ಎಂಟು ಟ್ರ್ಯಾಕಿನ ಡಿಜಿಟಲ್ ಯಂತ್ರಗಳು ಒಂದು ತಂತಿಯಿಂದಲೇ ಪರಸ್ಪರ ಜೋಡಿಸಲ್ಪಟ್ಟವು. ಧ್ವನಿಯ ಟ್ರ್ಯಾಕನ್ನು ಕಳೆದುಕೊಳ್ಳುವ ಅಗತ್ಯ ತಪ್ಪಿತು. ಆ ಬಳಿಕ ಗಣಕಯಂತ್ರ ಬಂದು ಟೇಪನ್ನೇ ಬದಿಗೊತ್ತಿತು. ಆದರೂ ಹಳೆಯ ಜೋಡಿ ಸುರುಳಿಗಳನ್ನು ಗಣಕಕ್ಕೆ ಇಳಿಸುವವರು ಅಂಚಿನ ಆ ಕರ್ಕಶ ಟ್ರ್ಯಾಕನ್ನು ಎಸೆಯುವಂತಿಲ್ಲ. ಅಗಲಿದ ಎರಡು ಸುರುಳಿಗಳು ಎಲ್ಲಿ ಕೂಡುತ್ತವೆಂಬುದನ್ನು ಬಲ್ಲದ್ದು ಅದೊಂದೇ.