ಘನಾಮ್ಲಗಳ ಸ್ವರೂಪನಿರ್ಣಯ: ಶೋಧಕ ಅಣುಗಳ ಇತಿಹಾಸದಿಂದ ಒಂದು ಅಧ್ಯಾಯ

ವಿಜ್ಞಾನದ ಇತಿಹಾಸವನ್ನು ಉಪಕರಣಗಳ ಇತಿಹಾಸವೆಂದೇ ಬರೆಯುವ ರೂಢಿ ಬಹುಕಾಲದಿಂದ ಬಂದಿದೆ. ಹೊಸ ಯಂತ್ರ ಬಂದೊಡನೆ ಹಳೆಯ ಸಂದೇಹಗಳೆಲ್ಲ ತಾವಾಗಿಯೇ ನಿವಾರಣೆಯಾದುವೆಂಬ ಭಾವನೆ ಇದರಿಂದ ಹುಟ್ಟುತ್ತದೆ. ಘನಾಮ್ಲಗಳ ಸ್ವರೂಪವನ್ನು ಅವಕೆಂಪು ರೋಹಿತದ ಮೂಲಕ ಅರಿತುಕೊಂಡ ವೃತ್ತಾಂತವನ್ನು ಪರಿಶೀಲಿಸಿದರೆ ಈ ಭಾವನೆ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ.

ಸಮಸ್ಯೆ ಹುಟ್ಟಿದುದು ಕೈಗಾರಿಕೆಯಲ್ಲಿ. ಫ್ರೆಂಚ್ ಇಂಜಿನಿಯರ್ ಯೂಜೀನ್ ಊಡ್ರಿಯ ವಿಧಾನದಂತೆ 1937ರಲ್ಲಿ ಪೆನ್ಸಿಲ್ವೇನಿಯದ ಮಾರ್ಕಸ್ ಹುಕ್‌ನಲ್ಲಿ, ಆಮ್ಲದಿಂದ ಸಂಸ್ಕರಿಸಿದ ಜೇಡಿಮಣ್ಣನ್ನು ವೇಗವರ್ಧಕವಾಗಿ ಬಳಸಿ ಭಾರವಾದ ಎಣ್ಣೆಯನ್ನು ಪೆಟ್ರೋಲಾಗಿ ಒಡೆಯುವ ದೊಡ್ಡ ಸ್ಥಾವರ ನಡೆಯತೊಡಗಿತು. ಜೇಡಿಯ ಸ್ಥಾನಕ್ಕೆ ಮುಂದೆ ಕೃತಕ ಸಿಲಿಕಾ-ಅಲ್ಯುಮಿನ ಬಂದಿತು. ಇವುಗಳ ಶಕ್ತಿಗೆ ಆಮ್ಲತೆಯೇ ಕಾರಣವೆಂಬುದು ಸ್ಪಷ್ಟವಾಯಿತು. ಆದರೆ ಅದು ಯಾವ ಬಗೆಯ ಆಮ್ಲತೆ? 1923ರಲ್ಲಿ ಬ್ರೋನ್‌ಸ್ಟೆಡ್ ಮತ್ತು ಲೋರಿ ಪ್ರೋಟಾನನ್ನು ಕೊಡುವ ವಸ್ತುವನ್ನು ಆಮ್ಲವೆಂದರು. ಅದೇ ವರ್ಷ ಲೂಯಿಸ್ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವುದನ್ನೂ ಆಮ್ಲವೆಂದನು. ಇದು ಕೇವಲ ಪರಿಭಾಷೆಯ ವಿವಾದವಲ್ಲ. ಕಾಯಿಸಿದಾಗ ನೀರು ಹೊರಟುಹೋಗಿ ಮೊದಲನೆಯ ಬಗೆಯ ನೆಲೆಗಳು ಕುಗ್ಗಿ ಎರಡನೆಯವು ಹೆಚ್ಚುವುದರಿಂದ, ವೇಗವರ್ಧಕವನ್ನು ಎಷ್ಟು ಒಣಗಿಸಬೇಕೆಂಬ ಪ್ರಶ್ನೆಯೂ ಇದರಲ್ಲಿ ಅಡಗಿತ್ತು. 1950ರಲ್ಲಿ ವಾಲಿಂಗ್ ಸೂಚಕವರ್ಣಗಳಿಂದ ಮೇಲ್ಮೈಯ ಆಮ್ಲಬಲವನ್ನು ಅಳೆದನು. ಬಲ ತಿಳಿಯಿತು, ಬಗೆ ತಿಳಿಯಲಿಲ್ಲ.

ಆ ವೇಳೆಗೆ ಅವಕೆಂಪು ಕಿರಣಗಳು ಹೊಸತೇನಲ್ಲ. ವಿಲಿಯಂ ಹರ್ಷೆಲ್ ಅವನ್ನು 1800ರಲ್ಲೇ ಕಂಡಿದ್ದನು. 1940ರ ದಶಕದಲ್ಲಿ ಲೆನಿನ್‌ಗ್ರಾಡಿನ ಟೆರೆನಿನ್ ಮತ್ತು ಆತನ ಸಹೋದ್ಯೋಗಿಗಳು ರಂಧ್ರಮಯ ಗಾಜಿನ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳ ರೋಹಿತವನ್ನು ಪಡೆದಿದ್ದರು. ಆದರೆ ಸಿಲಿಕಾ-ಅಲ್ಯುಮಿನದ ರೋಹಿತದಲ್ಲಿ ಸೆಂಟಿಮೀಟರಿಗೆ ಸುಮಾರು 3745 ತರಂಗಗಳೆಡೆ ಕಾಣುವ ಪಟ್ಟಿ ಆಮ್ಲಗುಣವಿಲ್ಲದ ಸಿಲಿಕಾದ ಪಟ್ಟಿಯಂತೆಯೇ ಇದೆ. ಎಂದರೆ, ಬರಿಯ ಘನವನ್ನು ನೋಡಿದ ಉಪಕರಣ ಆಮ್ಲತೆಯ ವಿಷಯದಲ್ಲಿ ಮೌನವಾಗಿತ್ತು.

ಈ ಮೌನವನ್ನು ಮುರಿದುದು ಅಣುವಿನ ಆಯ್ಕೆ. 1954ರಲ್ಲಿ ಟೆಕ್ಸಾಕೋ ಸಂಶೋಧಕರಾದ ಮೇಪ್ಸ್ ಮತ್ತು ಐಷೆನ್ಸ್ ವೇಗವರ್ಧಕಕ್ಕೆ ಅಮೋನಿಯವನ್ನು ಉಣಿಸಿ ರೋಹಿತವನ್ನು ತೆಗೆದರು. ಪ್ರೋಟಾನನ್ನು ಪಡೆದ ಅಮೋನಿಯ ಅಮೋನಿಯಂ ಆಗುತ್ತದೆ; ಲೂಯಿಸ್ ನೆಲೆಗೆ ಅಂಟಿದುದು ಅಮೋನಿಯವಾಗಿಯೇ ಉಳಿಯುತ್ತದೆ. ಎರಡರ ಕಂಪನಗಳೂ ಬೇರೆ. ಆದರೆ ಲೂಯಿಸ್ ನೆಲೆಯನ್ನು ಸೂಚಿಸುವ 1620ರ ಪಟ್ಟಿಗೆ ನೀರಿನ ಪಟ್ಟಿ ತೀರ ಸಮೀಪದಲ್ಲಿತ್ತು.

1963ರಲ್ಲಿ ಪ್ಯಾರಿ ಪಿರಿಡೀನನ್ನು ಆರಿಸಿದುದು ನಿರ್ಣಾಯಕವಾಯಿತು. ಪುಡಿಯನ್ನು ತೆಳು ಬಿಲ್ಲೆಯಾಗಿ ಒತ್ತಿ, ನಿರ್ವಾತದಲ್ಲಿ ಕಾಯಿಸಿ, ಪಿರಿಡೀನ್ ಆವಿಯನ್ನು ಬಿಟ್ಟು, ಸಡಿಲವಾಗಿ ಅಂಟಿದುದನ್ನು ಹೊರಸೆಳೆದ ಮೇಲೆ ಉಳಿಯುವ ಪಟ್ಟಿಗಳನ್ನು ಓದಬೇಕು. ಸುಮಾರು 1545ರದು ಪ್ರೋಟಾನ್ ನೆಲೆಯ ಗುರುತು, 1450ರದು ಲೂಯಿಸ್ ನೆಲೆಯ ಗುರುತು, 1490ರದು ಎರಡಕ್ಕೂ ಸೇರಿದುದು. ಉಷ್ಣತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರೆ ದುರ್ಬಲ ನೆಲೆಗಳು ಮೊದಲು ಪಿರಿಡೀನನ್ನು ಬಿಟ್ಟುಕೊಡುತ್ತವೆ. ನೀರಿನ ಆವಿ ತಗುಲಿದಾಗ ಲೂಯಿಸ್ ಗುರುತು ಕುಗ್ಗಿ ಪ್ರೋಟಾನ್ ಗುರುತು ಬೆಳೆಯುವುದೂ ಕಂಡುಬಂದಿತು. ‘ಇದೋ, ಅದೋ’ ಎಂಬ ವಿವಾದಕ್ಕೆ ‘ಎರಡೂ ಉಂಟು, ಪ್ರಮಾಣವನ್ನು ಹೇಳಿರಿ’ ಎಂಬ ಉತ್ತರ ದೊರೆಯಿತು.

ಪ್ರಮಾಣವನ್ನು ಹೇಳುವುದು ಸುಲಭವಾಗಲಿಲ್ಲ. ಪಟ್ಟಿಯ ವಿಸ್ತಾರದಿಂದ ನೆಲೆಗಳ ಸಂಖ್ಯೆಯನ್ನು ಗಣಿಸುವ ಗುಣಾಂಕಗಳಲ್ಲಿ ಇಂದಿಗೂ ಬಹಳವಾಗಿ ಬಳಕೆಯಲ್ಲಿರುವುವು ಎಮೈಸ್ 1993ರಲ್ಲಿ ಪ್ರಕಟಿಸಿದುವು. ಇದಲ್ಲದೆ ಪಿರಿಡೀನ್ ಕಿರಿದಾದ ರಂಧ್ರಗಳೊಳಗೆ ಹೋಗಲಾರದು. ಪ್ರಬಲ ಪ್ರತ್ಯಾಮ್ಲವಾದುದರಿಂದ ಬಲಾಬಲಗಳ ಸೂಕ್ಷ್ಮಭೇದವನ್ನೂ ಮರೆಸುತ್ತದೆ. ಆದಕಾರಣ ದ್ರವ ನೈಟ್ರೊಜನ್ನಿನ ಶೈತ್ಯದಲ್ಲಿ ಕಾರ್ಬನ್ ಮಾನಾಕ್ಸೈಡೆಂಬ ದುರ್ಬಲ ಶೋಧಕವನ್ನು ಬಳಸುವ ಕ್ರಮ ಬೆಳೆಯಿತು: ಅದು ಸಿಲಿಕಾದ ಹೈಡ್ರಾಕ್ಸಿಲ್ ಪಟ್ಟಿಯನ್ನು ಸುಮಾರು 90ರಷ್ಟು ಕೆಳಕ್ಕೆ ಸರಿಸಿದರೆ, ಜಡ್‌ಎಸ್‌ಎಂ-5 ಜಿಯೊಲೈಟಿನ ಆಮ್ಲಪಟ್ಟಿಯನ್ನು 300ಕ್ಕೂ ಮಿಕ್ಕಿ ಸರಿಸುತ್ತದೆ.

ಇಲ್ಲಿಂದ ನಾವು ಎತ್ತಿಕೊಳ್ಳಬಹುದಾದ ನಿರ್ಣಯ ಒಂದುಂಟು. ‘ಈ ಘನದಲ್ಲಿ ಇಷ್ಟು ಆಮ್ಲನೆಲೆಗಳಿವೆ’ ಎಂಬ ಮಾತು ಅಪೂರ್ಣ. ‘ಈ ಅಣು, ಈ ಉಷ್ಣತೆಯಲ್ಲಿ, ಇಷ್ಟನ್ನು ಕಂಡಿತು’ ಎಂದರೇ ಅದು ಪ್ರಮಾಣವಚನ. ಶಾಸನವನ್ನೋ ಕಡತವನ್ನೋ ಓದುವ ಇತಿಹಾಸಕಾರನು ಸಾಕ್ಷಿ ಯಾರು, ಎಲ್ಲಿ ನಿಂತು ನೋಡಿದನು ಎಂದು ಕೇಳುವಂತೆ, ರಸಾಯನಶಾಸ್ತ್ರಜ್ಞನೂ ತನ್ನ ಅಣುವನ್ನು ಕೇಳಬೇಕಾಯಿತು. ಉಪಕರಣ ಕಣ್ಣನ್ನು ಕೊಟ್ಟಿತು. ಪ್ರಶ್ನೆಯನ್ನು ಕೇಳಿದುದು ಶೋಧಕ ಅಣು.